ನಮ್ಮತ್ತೆ ಕೊಂಡ ಬೇಸ್ ಗಿಟಾರ್

ಮಂಚದ ಮೇಲೆ ಮಗು ಮಲಗಿತ್ತು. ಅದರ ಪಕ್ಕದಲ್ಲೇ, ಅದರ ಎರಡರಷ್ಟು ಉದ್ದದ ಕರಿ ಚೀಲವೊಂದೂ ಮಲಗಿತ್ತು.

ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಆಗತಾನೇ ಬಂದಿದ್ದೆ. ಅರ್ಧ ಬಾಯಿ ಮರಗಟ್ಟಿತ್ತು, ಕಿರುಚಬೇಕೆಂದರೂ ನೆಟ್ಟಗೆ ಬಾಯಿ ತೆರೆಯುವಂತಿರಲಿಲ್ಲ. ಎಂಟು ತಿಂಗಳ ಅನನ್ಯ ಆ ಚೀಲದ ಮೇಲೆ ಒಂದು ಕೈ ಹಾಕಿಕೊಂಡು ನಿದ್ದೆ ಹೋಗಿದ್ದಳು. ಚೀಲ ಉರುಳಿದರೆ? ಜಿಪ್ಪಿನ ಕೊಂಡಿ ಬಾಯಿಗೆ ಹೋದರೆ? ಅದರ ಮೇಲಿರುವುದು ಯಾರ ಮನೆಯ ಧೂಳು? ಎಲ್ಲ ಒಟ್ಟಿಗೇ ತಲೆಗೆ ನುಗ್ಗಿ, ಮೊದಲು ಮಗುವನ್ನು ಬಾಚಿ ಎತ್ತಿಕೊಂಡೆ. ಅದು ಬೆಚ್ಚಿಬಿದ್ದು ಅಳತೊಡಗಿತು.

ಅತ್ತೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

"ಎಬ್ಬಿಸ್ಬುಟ್ಯಾ?"

ಅವರ ದನಿ ಆಗ ದನಿಯಾಗಿ ಉಳಿದಿರಲಿಲ್ಲ. ಒಣಗಿದ ಎಲೆ ಗುಡಿಸಿದ ಹಾಗೆ ಬರೀ ಗಾಳಿ.

"ಅತ್ತೆ, ಏನಿದು?"

"ಗಿಟಾರು."

"ಯಾರದ್ದು?"

"ನಂದು."

ಮರಗಟ್ಟಿದ ಬಾಯಿ ತಾನಾಗಿಯೇ ತೆರೆದುಕೊಂಡಿತು. ಅರವತ್ತು ದಾಟಿದ, ಲಿಂಗಪೂಜೆ ಮುಗಿಯದೆ ತೊಟ್ಟು ನೀರು ಕುಡಿಯದ, ಟೀವಿ ಸದ್ದು ಸ್ವಲ್ಪ ಜಾಸ್ತಿಯಾದರೂ ಮಗುವಿನ ಕಿವಿಗೆ ಅಂಗೈ ಅಡ್ಡ ಹಿಡಿಯುವ ನಮ್ಮತ್ತೆ ಪ್ರೇಮಲೀಲಾ ಗಿಟಾರ್ ಕೊಂಡಿದ್ದರು.

"ಬೇಸ್ ಗಿಟಾರು ಕಣಮ್ಮ," ಎಂದು ತಾವೇ ತಿದ್ದಿಕೊಂಡರು. "ಆರು ತಂತಿ ಇರಲ್ಲ ಇದರಲ್ಲಿ, ನಾಲ್ಕೇ. ಸೆಕೆಂಡ್ ಹ್ಯಾಂಡು. ಹಗುರದ್ದು ನೋಡಿ ತಗೊಂಡೆ."

ಹಗುರದ್ದು ಎಂಬ ಆ ಒಂದು ಮಾತಿನಿಂದ ನನಗೆ ಸಮಾಧಾನವಾಗಬೇಕು ಎಂಬಂತೆ ನನ್ನನ್ನೇ ನೋಡಿದರು.

ನಮ್ಮತ್ತೆಯ ದನಿಯ ಬಗ್ಗೆ ಹೇಳದೆ ಈ ಗಿಟಾರಿನ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಪ್ರಾಯದಲ್ಲಿ ಅವರು ದೂರವಾಣಿ ಕೇಂದ್ರದಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದರು. ಹುಟ್ಟಿನಿಂದಲೇ ಅವರದು ತಗ್ಗು ದನಿ. ತುಂಬು ಹಂಡೆಯನ್ನು ನೆಲದ ಮೇಲೆ ಮೆಲ್ಲಗೆ ಸರಿಸಿದರೆ ಬರುತ್ತದಲ್ಲ, ಅಂಥದ್ದು. ಆ ಕಡೆಯವರು "ಸರ್, ಮಡಿಕೇರಿಗೆ ಒಂದು ಅರ್ಜೆಂಟ್ ಕಾಲ್ ಹಾಕ್ಕೊಡಿ ಸರ್" ಎನ್ನುತ್ತಿದ್ದರಂತೆ. ಇವರು ತಿದ್ದುತ್ತಿರಲಿಲ್ಲ. "ಸರ್ ಅನ್ನೋರು ಬಯ್ಯಲ್ಲ, ಮೇಡಂ ಅನ್ನೋರು ಬಯ್ತಾರೆ" ಎನ್ನುವುದು ಅವರ ಅನುಭವ. ಹಾಗೆ 'ಸರ್' ಎಂದು ಕರೆದವರಲ್ಲಿ ಕುಂಬಾರಕೊಪ್ಪಲಿನ ಹಾರ್ಡ್‌ವೇರ್ ಅಂಗಡಿಯ ಕರಿಬಸವಯ್ಯನವರೂ ಒಬ್ಬರು. ನಟ್ಟು ಬೋಲ್ಟಿನ ಲೋಡು ಯಾಕೆ ಬಂದಿಲ್ಲವೆಂದು ಕೊಯಮತ್ತೂರಿಗೆ ಫೋನು ಮಾಡಲು ದಿನಾ 'ಸರ್, ಸರ್' ಎಂದು ಗೋಗರೆಯುತ್ತಿದ್ದ ಆಸಾಮಿ ಒಂದು ಭಾನುವಾರ ಹೆಣ್ಣು ನೋಡಲು ಹೋದರು. ಹುಡುಗಿ ಉಪ್ಪಿಟ್ಟಿನ ತಟ್ಟೆ ಕೊಟ್ಟು "ತಗೊಳ್ಳಿ" ಎಂದದ್ದೇ ತಡ, ತಟ್ಟೆ ಕೈಜಾರಿ ನೆಲಕ್ಕೆ ಬಿತ್ತಂತೆ. ಅವರೇ ನಮ್ಮ ಮಾವ.

ಕೆಲಸ ಬಿಟ್ಟ ಮೇಲೆ ಅತ್ತೆಗೆ ಉಳಿದದ್ದು ಬಡಾವಣೆಯ ಹೆಂಗಸರ ವಚನ ಬಳಗ. ಅಲ್ಲೂ ಅವರು ಮುಂದಿನ ಸಾಲಿನವರಲ್ಲ. ಬಳಗದ ಅಧ್ಯಕ್ಷೆ ಶಿವನಂಜಮ್ಮನವರು ಮೇಲೆ ಹಾಡಿದರೆ, ಇವರು ಹಿಂದೆ ಕೂತು ಅದನ್ನೇ ಕೆಳಗೆ ಹಾಡುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅವರನ್ನು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ.

ಅನನ್ಯ ಎರಡು ತಿಂಗಳ ಮಗುವಾಗಿದ್ದಾಗ ಅತ್ತೆಯ ಕುತ್ತಿಗೆಯಲ್ಲಿದ್ದ ಥೈರಾಯ್ಡ್ ಗಂಟು ತೆಗೆಸಬೇಕಾಯಿತು. ದನಿಯ ನರ ಆ ಗಂಟಿಗೇ ಅಂಟಿಕೊಂಡಿದೆ, ಏನಾಗುತ್ತದೋ ಹೇಳಲಾಗದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಜೀವ ಉಳಿಯಿತು, ದನಿ ಹೋಯಿತು. ಮಾತೇನೋ ಪಿಸುಪಿಸು ಬಂತು. ಹಾಡು ಬರಲಿಲ್ಲ.

ಶಿವನಂಜಮ್ಮ ಬಾಳೆಹಣ್ಣಿನ ಚಿಪ್ಪು ಹಿಡಿದು ನೋಡಲು ಬಂದಿದ್ದರು. "ನೀನೇನೂ ಯೋಚ್ನೆ ಮಾಡ್ಬೇಡ ಪ್ರೇಮಾ. ನಮ್ ಜೊತೆ ಅದೇ ಬಣ್ಣದ ಸೀರೆ ಉಟ್ಕೊಂಡು ಬಂದು ಕೂತ್ಕೊ. ತಾಳ ಹಾಕ್ಕೊಂಡಿರು, ಬಾಯಿ ಆಡಿಸ್ತಾ ಇರು. ನೋಡೋರಿಗೇನು ಗೊತ್ತಾಗುತ್ತೆ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು. ಅತ್ತೆ ನಕ್ಕು ಕಾಫಿ ಕೊಟ್ಟು ಕಳಿಸಿದರು. ಆಮೇಲೆ ಬಳಗದ ಕಡೆ ತಲೆ ಹಾಕಿರಲಿಲ್ಲ.

ಈಗ ಈ ಚೀಲ.

ಮಧ್ಯಾಹ್ನ ಊಟಕ್ಕೆ ಬಂದ ಮಾವ ಅದನ್ನು ನೋಡಿ ಬಾಗಿಲಲ್ಲೇ ನಿಂತರು. ಅಂಗಡಿ ಇರುವುದು ಮನೆಯ ಮುಂಭಾಗದಲ್ಲೇ. ನಡುವೆ ಒಂದು ಗೋಡೆ, ಒಂದು ಬಾಗಿಲು.

"ಏನೇ ಇದು? ಮದುವೆ ಮನೇಲಿ ಕೂದಲು ಬಿಟ್ಕಂಡ್ ಕುಣಿಯೋ ಹೈಕ್ಳು ಕುತ್ತಿಗೆಗೆ ನೇತಾಕ್ಕೊಳೋದಲ್ವಾ?"

"ಹೂಂ ರೀ."

"ಮಠದಲ್ಲಿ ಯಾರಾದ್ರೂ ಕೇಳುದ್ರೆ ಏನಂತ ಏಳೋದು? ಅಂಗಡಿಗೆ ಬರೋರು ಕೇಳುದ್ರೆ?"

"ಪ್ರೇಮಲೀಲಾ ತಗೊಂಡವ್ಳೆ ಅಂತ ಹೇಳಿ."

"ನಾನಂತೂ ಅದನ್ನ ಮುಟ್ಟಾಕಿಲ್ಲ," ಎಂದು ಮಾವ ಅನ್ನಕ್ಕೆ ಸಾರು ಸುರಿದುಕೊಂಡರು. "ಧನುಶ್ರೀ, ನೀನಾರ ಬುದ್ಧಿ ಏಳಮ್ಮ. ಓದಿದೋಳು."

ಗಂಡ ಮಹಾಂತೇಶ್ ಊರಲ್ಲಿರಲಿಲ್ಲ. ಔಷಧಿ ಕಂಪನಿಯ ಕೆಲಸ, ಯಾವಾಗಲೂ ಕೊಳ್ಳೇಗಾಲ, ಚಾಮರಾಜನಗರ ಅಂತ ತಿರುಗಾಟ. ಫೋನಿನಲ್ಲಿ ಹೇಳಿದರೆ ನಗುತ್ತಾನೆ. ನನಗೆ ನಗುವ ಹಾಗಿರಲಿಲ್ಲ. ಕುತ್ತಿಗೆಗೆ ಭಾರ ಬೀಳಕೂಡದು ಎಂದು ಡಾಕ್ಟರು ಹೇಳಿದ್ದರು. ಗಾಯ ಇನ್ನೂ ಕೆಂಪಗಿತ್ತು. ಇಷ್ಟು ದೊಡ್ಡ ಸದ್ದು ಮಗುವಿನ ಎದೆಗೆ ಏನು ಮಾಡುತ್ತದೋ ಎಂದು ಫೋನಿನಲ್ಲಿ ಹುಡುಕಿ, ಓದಿದಷ್ಟೂ ಹೆದರಿ, ವಾಪಸ್ ಕೊಟ್ಟು ಬರುವುದೇ ಸರಿ ಎಂದು ತೀರ್ಮಾನಿಸಿದೆ. ಅತ್ತೆ ಎದುರಾಡಲಿಲ್ಲ. "ಬಾ, ಮಾರಿದೋನ ಹತ್ರಾನೇ ಮಾತಾಡು" ಎಂದು ಚಪ್ಪಲಿ ಮೆಟ್ಟಿದರು. ಆಟೋದಲ್ಲಿ ನನ್ನ ತೊಡೆಯ ಮೇಲೆ ಅನನ್ಯ, ಅವರ ತೊಡೆಯ ಮೇಲೆ ಗಿಟಾರು. ಇಬ್ಬರನ್ನೂ ಒಂದೇ ಥರ ತಬ್ಬಿ ಹಿಡಿದಿದ್ದೆವು.

ಮಾರಿದವನು ಜಯಲಕ್ಷ್ಮಿಪುರಂನ ಅಭಿನವ. ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾ ಜೊತೆ ಬಾರಿಸುವ ಹುಡುಗ. ಅವನ ತಾತನ ತಂದೆ ಅರಮನೆಯ ಬ್ಯಾಂಡಿನಲ್ಲಿದ್ದರಂತೆ. ಗೋಡೆಯ ಮೇಲೆ ಪೇಟ ತೊಟ್ಟ ಫೋಟೋ ಇತ್ತು. ಅದರ ಕೆಳಗೆ ಈ ಹುಡುಗ ಚಡ್ಡಿ ಹಾಕಿಕೊಂಡು ನಿಂತಿದ್ದ.

"ವಾಪಸ್ ತಗೋಬೇಕಾ? ತಗೋತೀನಿ ಅಕ್ಕ, ಅದಕ್ಕೇನಂತೆ," ಎಂದ. "ಆದ್ರೆ ಆಂಟಿಗೆ ಇದಕ್ಕಿಂತ ಹಗುರದ್ದು ಎಲ್ಲೂ ಸಿಗಲ್ಲ. ಭಾರದ್ದು ಹಾಕ್ಕೊಂಡು ಮದುವೆಗಳಲ್ಲಿ ನಿಂತೂ ನಿಂತೂ ನನ್ನ ಭುಜ ಹಾಳಾಗಿತ್ತು. ಅದಕ್ಕೇ ನಾನು ಇದನ್ನ ತಗೊಂಡಿದ್ದು. ಈಗ ಐದು ತಂತೀದು ಬೇಕು, ಅದಕ್ಕೆ ಕೊಡ್ತಿದೀನಿ. ಎತ್ತಿ ನೋಡಿ ಬೇಕಾದ್ರೆ. ನಿಮ್ಮ ಪಾಪು ತೂಕದ ಅರ್ಧದಷ್ಟೂ ಇಲ್ಲ."

"ಡಾಕ್ಟರು ಭಾರ ಎತ್ತಬಾರದು ಅಂದಿದಾರೆ," ಎಂದೆ.

ಅತ್ತೆ ನನ್ನ ಕಡೆ ತಿರುಗಿದರು. "ದಿನಾ ಮಗೂನ ನನ್ನ ಸೊಂಟಕ್ಕೆ ಕೂರಿಸಿ ಸ್ನಾನಕ್ಕೆ ಹೋಗ್ತೀಯಲ್ಲ ಧನು, ಆವಾಗ ಡಾಕ್ಟ್ರು ನೆನಪಾಗಲ್ವಾ?"

ಅಷ್ಟು ಮೆತ್ತಗೆ ಅಂದ ಮಾತು ಅಷ್ಟು ಜೋರಾಗಿ ತಗಲುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಮಗುವನ್ನು ತೊಡೆಗೇರಿಸಿಕೊಂಡು ಕುರ್ಚಿಯ ಮೇಲೆ ಕೂತೆ.

ಅಭಿನವ ತಲೆ ಬಗ್ಗಿಸಿ ವೈರು ಬಿಡಿಸುತ್ತಾ ಪಾಠ ಶುರು ಮಾಡಿದ. "ಇದು ಆ್ಯಕ್ಟಿವ್ ಬೇಸು ಆಂಟಿ. ಅಂದ್ರೆ ಒಳಗೊಂದು ಸಣ್ಣ ಸರ್ಕ್ಯೂಟಿದೆ, ಅದು ಬ್ಯಾಟರಿ ಮೇಲೆ ಓಡುತ್ತೆ. ಬ್ಯಾಟರಿ ಸತ್ತರೆ ಇದು ಪೂರ್ತಿ ಮೂಕ. ಬೇರೆ ಸ್ವಿಚ್ಚಿಲ್ಲ. ವೈರಿನ ಪಿನ್ನು ಚುಚ್ಚಿದ ತಕ್ಷಣ ಆನ್, ಕಿತ್ತರೆ ಆಫ್. ಬಾರಿಸಿದ್ದಾದ ಮೇಲೆ ಪಿನ್ನು ಕಿತ್ತಿಡೋದನ್ನ ಮಾತ್ರ ಮರೀಬೇಡಿ." ಹಿಂಬದಿಯ ಪುಟ್ಟ ಮುಚ್ಚಳ ಉಗುರಿನಿಂದ ಎಬ್ಬಿಸಿ ಬ್ಯಾಟರಿ ತೋರಿಸಿದ. ಚೌಕದ್ದು, ತಲೆಯ ಮೇಲೆ ಎರಡು ಗುಬುಟು.

ಮನೆಯಲ್ಲಿರುವ ಪ್ರತಿಯೊಂದು ಬ್ಯಾಟರಿಯೂ ನನಗೆ ಗೊತ್ತು. ಮಕ್ಕಳು ನುಂಗಿದ ಕಥೆಗಳನ್ನು ಓದಿದಾಗಿನಿಂದ ರಿಮೋಟು, ಗೋಡೆ ಗಡಿಯಾರ, ತೂಕದ ಯಂತ್ರ, ಎಲ್ಲಕ್ಕೂ ಅಂಟುಪಟ್ಟಿ ಸುತ್ತಿದ್ದೇನೆ. ಈಗ ಇದೊಂದು ಹೊಸದು ಸೇರಿತು.

ಅತ್ತೆ ಗಿಟಾರಿನ ಪಟ್ಟಿಯನ್ನು ಬಲಭುಜಕ್ಕೆ ಹಾಕಿಕೊಂಡರು, ಶಿವದಾರಕ್ಕೆ ಸಿಕ್ಕುತ್ತದೆಂದು ತೆಗೆದು ಎಡಕ್ಕೆ ಹಾಕಿಕೊಂಡರು, ಲಿಂಗದ ಕರಡಿಗೆಯನ್ನು ರವಿಕೆಯೊಳಗೆ ಸರಿಸಿಕೊಂಡರು. "ನಮ್ಮ ಬಳಗದ್ದು ಐದು ಮನೆ ಶ್ರುತಿ ಕಣಪ್ಪ. ಅದರ ಷಡ್ಜ ಎಲ್ಲಿದೆ?"

"ದಪ್ಪ ತಂತಿ, ಮೂರನೇ ಮೆಟ್ಟಿಲು."

ಅತ್ತೆ ಒತ್ತಿ ಮೀಟಿದರು.

ಸದ್ದು ಕಿವಿಗೆ ಬರಲಿಲ್ಲ. ಕುರ್ಚಿಯ ಕಾಲಿನಿಂದ ಹತ್ತಿ ನನ್ನ ಬೆನ್ನುಹುರಿಗೆ ಬಂತು. ಕಿಟಕಿಯ ಗಾಜು ಒಂದು ಗಳಿಗೆ ಗುಂಯ್ಗುಟ್ಟಿತು. ಅನನ್ಯಳ ಬಾಯಿಯಲ್ಲಿದ್ದ ಬೆರಳು ಅಲ್ಲೇ ನಿಂತಿತು. ಅತ್ತೆ ಗಾಯದ ಮೇಲೆ ಕೈಯಿಟ್ಟುಕೊಂಡಿದ್ದರು. ಮೊದಲು ನೋವಾಯಿತೇನೋ ಎಂದುಕೊಂಡೆ. ಅವರ ಮುಖ ನೋಡಿದೆ. ನೋವಲ್ಲ. ಕಳೆದುಹೋಗಿದ್ದ ಯಾರೋ ಬಾಗಿಲಲ್ಲಿ ನಿಂತು ಕೂಗಿದರೆ ಜನ ಹೇಗೆ ತಲೆಯೆತ್ತುತ್ತಾರೋ ಹಾಗಿತ್ತು.

ವಾಪಸ್ ಕೊಡುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಮತ್ತೆ ಆಟೋದಲ್ಲಿ ಬರುವಾಗ ಅತ್ತೆ ತಾವಾಗಿಯೇ ಹೇಳಿದರು: "ಆ ಸಿದ್ಧಾರ್ಥನಗರದ ಮದುವೆಗೆ ಹೋಗಿದ್ವಲ್ಲ, ಅಲ್ಲಿ ನೋಡ್ದೆ ಇವನನ್ನ. ಎಲ್ಲಾರೂ ಹಾಡೋನ ಮುಖ ನೋಡ್ತಿದ್ರು. ಇವನು ಹಿಂದೆ ಕತ್ತಲಲ್ಲಿ ನಿಂತಿದ್ದ. ಮಧ್ಯೆ ಬಾಟ್ಲಿ ಎತ್ತಿ ಒಂದು ಗುಟುಕು ನೀರು ಕುಡಿದ ನೋಡು, ಹಾಡು ಕೂತೇಹೋಯ್ತು ಕಣಮ್ಮ. ಯಾಕೆ ಕೂತೋಯ್ತು ಅಂತ ಒಬ್ರಿಗೂ ಗೊತ್ತಾಗ್ಲಿಲ್ಲ. ನಂಗೆ ಗೊತ್ತಾಯ್ತು."

ಅಭ್ಯಾಸ ಶುರುವಾಯಿತು. ಅಭಿನವನ ಹಳೆಯ ಪುಟ್ಟ ಸ್ಪೀಕರ್ ಪೆಟ್ಟಿಗೆಯೂ ಮನೆಗೆ ಬಂತು. ಬೆರಳ ತುದಿಗೆ ಬೊಕ್ಕೆ ಬಂದು ಒಡೆದವು. ಅದೇ ಕೈಯಲ್ಲಿ ಚಪಾತಿ ಹಿಟ್ಟು ಕಲಸಬೇಡಿ ಎಂದು ನಾನು ಕಿತ್ತುಕೊಂಡೆ. ಬಾರಿಸುವ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಅಲ್ಲಿಗೂ ಅದು ನೆಲದೊಳಗಿಂದ ಬರುತ್ತಿತ್ತು. ಬಚ್ಚಲ ಕೊಡದ ನೀರಿನ ಮೇಲೆ ಬಳೆಬಳೆಯಾಗಿ ಅಲೆ ಏಳುತ್ತಿದ್ದುದನ್ನು ನೋಡಿ ಒಮ್ಮೆ ಭೂಕಂಪವೆಂದೇ ಓಡಿಬಂದಿದ್ದೆ.

ಗಿಟಾರಿನ ಬಗ್ಗೆ ಮಾವ ಹಿಡಿದಿದ್ದ ಮೌನವ್ರತ ಒಂದು ಮಧ್ಯಾಹ್ನ ಮುರಿಯಿತು. ಅತ್ತೆ ಒಳಗೆ ನಿಧಾನವಾಗಿ ಷಡ್ಜ, ಪಂಚಮ, ಮತ್ತೆ ಷಡ್ಜ ಬಾರಿಸುತ್ತಿದ್ದರು. ಅಂಗಡಿಯ ಬಾಗಿಲು ದಡಾರನೆ ತೆರೆದುಕೊಂಡಿತು. ಮಾವ ಕೈಯಲ್ಲಿ ಮೊಳೆಯ ಪೊಟ್ಟಣ ಹಿಡಿದೇ ಒಳಗೆ ಬಂದಿದ್ದರು. ಮುಖ ಬಿಳುಚಿತ್ತು.

"ಪ್ರೇಮಾ, ಈಗ ಮಾತಾಡಿದ್ಯಾರು?"

ಅತ್ತೆ ಕೈ ನಿಲ್ಲಿಸಿ ಗಿಟಾರು ತೋರಿಸಿದರು.

ಮಾವ ಗಿಟಾರನ್ನೊಮ್ಮೆ, ಅತ್ತೆಯ ಕುತ್ತಿಗೆಯನ್ನೊಮ್ಮೆ ನೋಡಿದರು. ಮೊಳೆ ಪೊಟ್ಟಣವನ್ನು ನನ್ನ ಕೈಗಿತ್ತು ಹೊರಗೆ ಹೋದರು. ಯಾರೋ ಗಿರಾಕಿಯ ಮೊಳೆ ಅದು. ಮಗುವಿರುವ ಮನೆಯಲ್ಲಿ ಅದನ್ನೆಲ್ಲಿಡಲಿ ಎಂದು ನಾನು ಕಂಗಾಲಾಗಿ ನಿಂತಿದ್ದೆ.

ಅತ್ತೆಗೆ ಬೇಕಾಗಿದ್ದುದು ಒಂದೇ. ಬಳಗದಲ್ಲಿ ತಮ್ಮ ಜಾಗ. ಬಾಯಿ ಆಡಿಸುವ ಜಾಗ ಅಲ್ಲ, ಹಾಡುವ ಜಾಗ. ಗಿಟಾರು ಹೊತ್ತುಕೊಂಡು ಶಿವನಂಜಮ್ಮನವರ ಮನೆಗೆ ಹೋಗಿ ಕೇಳಿಯೂ ಕೇಳಿದರು. ನಾನೂ ಜೊತೆಗಿದ್ದೆ.

"ವಚನಕ್ಕೆ ಗಿಟಾರಾ!" ಶಿವನಂಜಮ್ಮನ ಹುಬ್ಬು ಕೂದಲಿಗೇ ಹೋಯಿತು. "ನಾಳೆ ಇನ್ನೊಬ್ಳು ಡ್ರಮ್ ತತ್ತೀನಿ ಅಂತಾಳೆ. ಏನ್ ಪ್ರೇಮಾ ನೀನು, ಎಲ್ಲ ಬಿಟ್ಟು!"

"ಹಾರ್ಮೋನಿಯಂ ಎಲ್ಲಿಂದ ಬಂತು ಶಿವನಂಜಕ್ಕ? ನಮ್ಮ ಹಟ್ಟೀಲಿ ಹುಟ್ತಾ?"

ಶಿವನಂಜಮ್ಮ ಬೆರಳು ಮಡಚುತ್ತಾ ಬಳಗದವರನ್ನು ಎಣಿಸಿದರು. ಬಳಗದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವರು ಮಗಳ ಬಾಣಂತನಕ್ಕೆ ದಾವಣಗೆರೆಗೆ ಹೋಗಿದ್ದರು. ಶ್ರುತಿಗೆ ಇದ್ದದ್ದು ಫೋನಿನೊಳಗಿನ ತಂಬೂರಿ ಒಂದೇ. "ವಿಜಯದಶಮಿ ದಿನ ಒಂದ್ಸಲ ನೋಡಣ. ಒಂದೇ ಸಲ. ಸರಿಹೋಗ್ಲಿಲ್ಲ ಅಂದ್ರೆ ಮನೇಲಿಟ್ಬಿಟ್ಟು ತಾಳ ಹಾಕ್ಬೇಕು. ಆಮೇಲೆ ಬೇಜಾರು ಗೀಜಾರು ಅನ್ಕೂಡದು."

ಅತ್ತೆ ತಲೆಯಾಡಿಸಿದರು.

ಆಯುಧಪೂಜೆಯ ಬೆಳಿಗ್ಗೆ ನಾನು ಮಗುವಿಗೆ ಎರೆದು ನಡುಮನೆಗೆ ಬಂದವಳು ಮತ್ತೊಮ್ಮೆ ದಂಗಾಗಿ ನಿಂತೆ. ನಮ್ಮ ಮನೆಯ ಪೂಜೆ ಮಾವನ ಕೈಯದು, ಅದಕ್ಕೊಂದು ಕಟ್ಟಳೆ. ಆಯುಧ ಕೆಲಸಕ್ಕೆ ಸಿದ್ಧವಾಗಿರಬೇಕು. ತಕ್ಕಡಿಯ ತಟ್ಟೆಯಲ್ಲಿ ತೂಕದ ಬಟ್ಟು, ಹೊಲಿಗೆ ಯಂತ್ರದ ಸೂಜಿಯಲ್ಲಿ ದಾರ, ಸ್ಕೂಟರಿನಲ್ಲಿ ಕೀ. ಬಿಚ್ಚಿಟ್ಟ ಆಯುಧಕ್ಕೆ ಅವರು ಕುಂಕುಮ ಹಚ್ಚುವವರಲ್ಲ. ಮಾರನೇ ದಿನ ಮಹಾಮಂಗಳಾರತಿ ಆಗುವವರೆಗೆ ಯಾರೂ ಏನನ್ನೂ ಮುಟ್ಟುವಂತಿಲ್ಲ. ಆ ಸಾಲಿನಲ್ಲಿ, ತಕ್ಕಡಿಯ ಪಕ್ಕ, ಹೊಸ ರವಿಕೆ ಕಣದ ಮೇಲೆ ಗಿಟಾರು ಮಲಗಿತ್ತು. ಮೈಗೆ ಮೂರೆಳೆ ವಿಭೂತಿ. ಕುತ್ತಿಗೆಗೆ ಸೇವಂತಿಗೆ ಹಾರ. ಕೆಳಗಿನ ಅರ್ಧ ಹೂವಿನಲ್ಲಿ ಮುಚ್ಚಿಹೋಗಿತ್ತು.

"ಮುಟ್ಟಲ್ಲ ಅಂದಿದ್ರಿ," ಎಂದರು ಅತ್ತೆ. ಕಣ್ಣು ತುಂಬಿತ್ತು.

"ನಾನೆಲ್ಲಿ ಮುಟ್ಟುದ್ನೇ? ವಿಭೂತಿ ಮುಟ್ಟಿದ್ದು," ಎಂದು ಮಾವ ಗಂಟೆ ಜೋರಾಗಿ ಅಲ್ಲಾಡಿಸಿದರು.

ದಶಮಿಯ ದಿನ ಜಂಬೂಸವಾರಿಗಾಗಿ ಪೇಟೆಯ ಕಡೆಯ ರಸ್ತೆಗಳೆಲ್ಲ ಬಂದ್. ಅಂಗಡಿಗಳಿಗೆಲ್ಲ ಬೀಗ. ಮೆರವಣಿಗೆಯ ಜನಜಂಗುಳಿ ಬೇಡವೆನ್ನುವವರು ಸಂಜೆ ನಮ್ಮ ಬೀದಿಯ ಸಮುದಾಯ ಭವನದಲ್ಲಿ ಸೇರುವುದು ರೂಢಿ. ಮಂಗಳಾರತಿಯಾದ ಮೇಲೆ ಮಾವನೇ ಗಿಟಾರಿನ ಹೂ ತೆಗೆದು, ಒರೆಸಿ, ವೈರು ಸುತ್ತಿ, ಚೀಲಕ್ಕೆ ಹಾಕಿ ಕೊಟ್ಟರು.

ಭವನದಲ್ಲಿ ಮೈಕ್ ಸೆಟ್ಟಿನ ಕುಮಾರ್ ವೈರು ಎಳೆದುಕೊಂಡು ಓಡಾಡುತ್ತಿದ್ದ. ಬಳಗಕ್ಕೆಲ್ಲ ನಿಲ್ಲಿಸುವ ಮೈಕು, ಅಧ್ಯಕ್ಷೆಗೆ ಮಾತ್ರ ಕೈಯಲ್ಲಿ ಹಿಡಿಯುವ ವೈರಿಲ್ಲದ ಮೈಕು. ಅವನು ಅದರ ಹೊಟ್ಟೆ ಬಿಚ್ಚಿ ಹೊಸ ಬ್ಯಾಟರಿ ಹಾಕಿ, ಹಳೆಯದನ್ನು ಜಮಖಾನದ ಮೇಲೇ ಬಿಟ್ಟುಹೋದ. ಅನನ್ಯ ಅಂಬೆಗಾಲಿಟ್ಟು ನೇರ ಅದರ ಕಡೆಗೇ ಹೊರಟಿದ್ದಳು. ನಾನು ಹಾರಿ ಕಿತ್ತುಕೊಂಡು ಮಗುವಿನ ಬಟ್ಟೆ ಚೀಲಕ್ಕೆ ಹಾಕಿ, ಕುಮಾರನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. "ಏನಾಗಿಲ್ವಲ್ಲ ಬುಡಿ ಅಕ್ಕ" ಎಂದ.

ಬಳಗ ಕೂತಿತು. ಎಲ್ಲರದೂ ಎಲೆಹಸಿರು ಸೀರೆ. ಹಿಂದಿನ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಅತ್ತೆ, ತೊಡೆಯ ಮೇಲೆ ಗಿಟಾರು. ಗಂಡಸರ ಕಡೆಯಿಂದ ಕಿಸಕ್ಕೆಂದು ನಗುವೂ ಕೇಳಿತು. "ಕರಿಬಸವಯ್ಯ, ಮನೆಯವ್ರು ಸಿನಿಮಾಕ್ಕೆ ಸೇರ್ಕಂಡ್ರಾ?" ಎಂದಿತು ಒಂದು ದನಿ. ಮಾವ ಮುಂದೆ ನೋಡುತ್ತಾ ಕೂತಿದ್ದರು.

ಮೊದಲ ವಚನ ನಡೆಯಿತು. ನಾನು ಗಿಟಾರಿಗಾಗಿ ಕಿವಿಗೊಟ್ಟರೆ ಗಿಟಾರು ಕೇಳಲೇ ಇಲ್ಲ. ಹಾಡೇ ಕೇಳಿತು. ಆದರೆ ಕೂತ ಜಮಖಾನದ ಕೆಳಗೆ ಏನೋ ಉಸಿರಾಡುತ್ತಿತ್ತು. ಎಷ್ಟೋ ತಿಂಗಳ ಮೇಲೆ ಬಳಗ ಒಂದೇ ಬಾಯಲ್ಲಿ ಹಾಡಿದ ಹಾಗಿತ್ತು. ಚಪ್ಪಾಳೆ ಬಿತ್ತು. ಶಿವನಂಜಮ್ಮ ಹಿಂದಕ್ಕೆ ತಿರುಗಿಯೂ ನೋಡಲಿಲ್ಲ.

ಎರಡನೆಯದರ ನಡುವೆ ಸದ್ದು ಒಡೆಯಿತು. ಹಸಿಬಟ್ಟೆ ಹರಿದಂತೆ ಪರ್ ಪರ್ ಎಂದಿತು. ಆಮೇಲೆ ಸಣ್ಣಗಾಯಿತು. ಆಮೇಲೆ ಇಲ್ಲ.

ಅತ್ತೆಯ ಬೆರಳು ಆಡುತ್ತಲೇ ಇತ್ತು. ಕುಮಾರ್ ತನ್ನ ಪೆಟ್ಟಿಗೆಯ ಗುಂಡಿಗಳನ್ನು ತಿರುಗಿಸಿದ, ವೈರು ಅಲ್ಲಾಡಿಸಿದ. ಏನೂ ಇಲ್ಲ. ಅತ್ತೆ ಬಾಯಿ ತೆರೆದರು, ಹಾಡಲೆಂದೋ ಕೂಗಲೆಂದೋ, ಅಲ್ಲೂ ಬರೀ ಗಾಳಿ. ಒಂದೇ ಹೆಂಗಸಿಗೆ ಎರಡನೇ ಸಲ ದನಿ ಹೋಗುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಒಂದೇ ಸಲ ಎಂದಿದ್ದರು ಶಿವನಂಜಮ್ಮ. ಆ ಒಂದು ಸಲ ಮುಗಿದಿತ್ತು.

ಆಗ ಬಳಗ ಶ್ರುತಿ ತಪ್ಪಿ ಜಾರತೊಡಗಿತು. ಮೊದಲು ಎಡಗಡೆಯವರು ಮೇಲಕ್ಕೆ ಹೋದರು. ಬಲಗಡೆಯವರು ಅವರನ್ನು ಹಿಡಿಯಲು ಹೋಗಿ ಇನ್ನೂ ಮೇಲೆ. ಫೋನಿನ ತಂಬೂರಿ ಯಾರಿಗೂ ಕೇಳುತ್ತಿರಲಿಲ್ಲ. ಶಿವನಂಜಮ್ಮ ಯಾರ ಜೊತೆ ಹೋಗುವುದೆಂದು ತಿಳಿಯದೆ ಅತ್ತ ಇತ್ತ ನೋಡಿ, ಯಾವ ಕಾರ್ಯಕ್ರಮದಲ್ಲೂ ಮಾಡದ್ದನ್ನು ಮಾಡಿದರು. ಹಾಡನ್ನು ಸಾಲಿನ ಮಧ್ಯೆಯೇ ನಿಲ್ಲಿಸಿ ಹಿಂದಕ್ಕೆ ತಿರುಗಿದರು. ಕೈಯಲ್ಲಿದ್ದ ಮೈಕು ಆನ್ ಇತ್ತು. ಇಡೀ ಭವನಕ್ಕೆ ಕೇಳಿತು:

"ಪ್ರೇಮಾ, ಎಲ್ಲೋದೆ?"

ಅತ್ತೆ ಸ್ಟೂಲಿನ ಮೇಲೇ ಇದ್ದರು. ಆದರೂ ಆ ಪ್ರಶ್ನೆ ತಪ್ಪೆಂದು ಯಾರಿಗೂ ಅನಿಸಲಿಲ್ಲ. ಒಬ್ಬರೂ ನಗಲಿಲ್ಲ.

"ಬ್ಯಾಟರಿ," ಎಂದು ಅತ್ತೆಯ ತುಟಿ ಅಲ್ಲಾಡಿತು. "ಪಿನ್ನು ಕಿತ್ತಿಟ್ಟೇ ಇದ್ನಲ್ಲ..."

ಗಂಡಸರ ಸಾಲಿನಲ್ಲಿ ಮಾವ ಎದ್ದು ನಿಂತಿದ್ದರು. ಶಲ್ಯ ನೆಲಕ್ಕೆ ಜಾರಿತ್ತು. "ಪೂಜೇಲಿ ನಾನೇ ಚುಚ್ಚಿದ್ದೆ ಕಣಮ್ಮ," ಎಂದರು, ಯಾರಿಗೆ ಹೇಳುವುದೆಂದು ತಿಳಿಯದೆ ನನ್ನನ್ನು ನೋಡುತ್ತಾ. "ತಕ್ಕಡಿಗೆ ಬಟ್ಟು ಇಟ್ಟಂಗೆ, ಇದಕ್ಕೂ ವೈರು ಇರ್ಲಿ, ಕೆಲಸಕ್ಕೆ ಸಿದ್ಧವಾಗಿರ್ಲಿ ಅಂತ... ನಿನ್ನೆ ಬೆಳಗ್ಗಿಂದ ಅಂಗೇ ಇತ್ತು."

ಹೂವಿನ ಕೆಳಗೆ. ಹಗಲೂ ರಾತ್ರಿ, ಯಾರೂ ಮುಟ್ಟದೆ, ಮೂರು ತಿಂಗಳ ಅಭ್ಯಾಸದಲ್ಲಿ ಸವೆದಿದ್ದ ಬ್ಯಾಟರಿಯನ್ನು ಪೂಜೆಯೇ ಕುಡಿದು ಮುಗಿಸಿತ್ತು. ಆ ಮನುಷ್ಯ ಕೊನೆಗೂ ಅದನ್ನು ಆಯುಧವೆಂದು ಒಪ್ಪಿಕೊಂಡದ್ದೇ ಅದರ ಪ್ರಾಣಕ್ಕೆ ಬಂದಿತ್ತು. ಅಂಗಡಿಗಳಿಗೆಲ್ಲ ಬೀಗ. ಚೌಕದ್ದು, ತಲೆಯ ಮೇಲೆ ಎರಡು ಗುಬುಟು. ಈ ಹೊತ್ತಿನಲ್ಲಿ ಎಲ್ಲಿಂದ ತರುವುದು?

ನನ್ನ ಕೈ ಆ ಬಟ್ಟೆ ಚೀಲದೊಳಗಿತ್ತು, ಮಗುವಿನ ಬಾಯಿಗೆ ಹೋಗಲಿದ್ದ ಆ ಹಳೆಯ ಬ್ಯಾಟರಿಯ ಮೇಲೆ. ಚೌಕದ್ದು. ತಲೆಯ ಮೇಲೆ ಎರಡು ಗುಬುಟು.

ಅದು ಸತ್ತದ್ದು, ಆದರೆ ಅದರ ಬದಲು ಹಾಕಿದ ಹೊಸದು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಮಗುವನ್ನು ಮಾವನ ತೋಳಿಗೆ ತುರುಕಿ ವೇದಿಕೆಗೆ ಹತ್ತಿದೆ. ಅಷ್ಟು ಜನರ ಮುಂದೆ ನಾನು ಯಾವತ್ತೂ ನಿಂತವಳಲ್ಲ. "ಶಿವನಂಜಮ್ಮನೋರೇ, ನಿಮ್ಮ ಮೈಕಿನ ಬ್ಯಾಟರಿ ಕೊಡಿ."

"ಏನೂ?"

"ಅದರೊಳಗಿರೋದೇ ಇದಕ್ಕೂ ಆಗುತ್ತೆ. ಒಂದೇ ಥರದ್ದು. ಕೊಟ್ರೆ ಅತ್ತೆಯ ಗಿಟಾರು ಹಾಡುತ್ತೆ. ಆದ್ರೆ ನಿಮ್ಮ ಮೈಕು..."

ಶಿವನಂಜಮ್ಮ ಮೈಕನ್ನು ನೋಡಿದರು. ಬಳಗ ಶುರುವಾದಾಗಿನಿಂದ ಆ ಕೈಮೈಕನ್ನು ಅವರು ಇನ್ನೊಬ್ಬರಿಗೆ ಕೊಟ್ಟದ್ದು ಯಾರಿಗೂ ನೆನಪಿಲ್ಲ. ಆಮೇಲೆ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ಅತ್ತೆಯನ್ನು ನೋಡಿದರು.

"ನನ್ನ ಬಾಯಿ ಮುಚ್ಚಿಸೋಕೆ ಇಡೀ ಕುಂಬಾರಕೊಪ್ಪಲು ಕಾಯ್ತಿತ್ತು," ಎಂದರು, ಮೈಕಿನಲ್ಲೇ. "ಕೊನೆಗೆ ಒಂದು ಬಾಣಂತಿ ಹುಡುಗಿ ಮುಚ್ಚಿಸ್ತಾಳೆ ಅನ್ಕೊಂಡಿರ್ಲಿಲ್ಲ. ಏ ಕುಮಾರ, ಬಿಚ್ಚಪ್ಪ ಇದನ್ನ!"

ಭವನ ನಗುತ್ತಿದ್ದಂತೆಯೇ ಕುಮಾರ್ ಬಿಚ್ಚಿದ. ಗಿಟಾರಿನ ಹಿಂದಿನ ಮುಚ್ಚಳವನ್ನು ನಾನೇ ಉಗುರಿನಿಂದ ಎಬ್ಬಿಸಿದೆ. ಒಮ್ಮೆ ತಿರುಗಮುರುಗ ಹಾಕಿ ಮತ್ತೆ ತೆಗೆದು ಹಾಕಿದೆ. ಶಿವನಂಜಮ್ಮ ಸೀರೆ ನೆರಿಗೆ ಎತ್ತಿಕೊಂಡು ಸಾಲಿಗೆ ನುಗ್ಗಿ, ನಿಲ್ಲಿಸಿದ ಮೈಕಿನ ಮುಂದೆ ಇಬ್ಬರ ನಡುವೆ ಒತ್ತಿಕೊಂಡು ಕೂತರು. ಆಮೇಲೂ ಹಾಡು ಶುರುವಾಗಲಿಲ್ಲ. ಎಲ್ಲ ಹೆಂಗಸರೂ ಹಿಂದಕ್ಕೆ ತಿರುಗಿ ಕೂತಿದ್ದರು.

"ಏನ್ ನೋಡ್ತೀಯಾ?" ಎಂದರು ಶಿವನಂಜಮ್ಮ. "ನೀನು ಕೊಟ್ಟ ಮೇಲಲ್ವಾ ನಾವು? ಕೊಡು!"

ಅತ್ತೆ ದಪ್ಪ ತಂತಿಯ ಮೂರನೇ ಮೆಟ್ಟಿಲ ಮೇಲೆ ಬೆರಳಿಟ್ಟರು.

ಮನೆಗೆ ವಾಪಸ್ ಬರುವಾಗ ಅತ್ತೆಯ ಎರಡೂ ಕೈ ಖಾಲಿ. ಮುಂದಿನ ವಾರದ ಅಭ್ಯಾಸಕ್ಕೆ ಎಷ್ಟು ಹೊತ್ತಿಗೆ ಬರಬೇಕೆಂದು ಇಬ್ಬರು ಹೆಂಗಸರು ದಾರಿಯುದ್ದಕ್ಕೂ ಅವರನ್ನು ಕೇಳುತ್ತಾ ಬಂದರು. ಗಿಟಾರಿನ ಚೀಲ ಮಾವನ ಹೆಗಲ ಮೇಲಿತ್ತು. ಒಮ್ಮೆ ಅದನ್ನು ಸರಿಮಾಡಿಕೊಂಡು, "ಅಗುರಾನೇ ಐತೆ ಬುಡು," ಎಂದರು. ಸ್ವಲ್ಪ ದೂರ ಹೋದ ಮೇಲೆ, ಅದೇ ಯೋಚನೆಯಲ್ಲಿದ್ದವರಂತೆ ಮತ್ತೆ ಶುರುಮಾಡಿದರು.

"ಮುಂದಿನ ವರ್ಷ ಪಿನ್ನು ಕಿತ್ತೇ ಇಡಣ. ಆದ್ರೆ ಅಂಗೆ ಖಾಲಿ ಇಡಕ್ಕೆ ನಂಗೆ ಮನಸ್ಸು ಬರಾಕಿಲ್ಲ ಕಣಮ್ಮ. ಒಂದು ಹೊಸ ಬ್ಯಾಟರಿ ತಂದು ಪಕ್ಕದಲ್ಲಿ ಮಡಗಿ ಅದಕ್ಕೂ ಕುಂಕುಮ ಹಚ್ಚಿದ್ರೆ ಆಯ್ತದಾ?"

"ಆಗುತ್ತೆ ಮಾವ," ಎಂದೆ. "ಸ್ವಲ್ಪ ಮೇಲಿಡಿ. ಮಗು ಕೈಗೆ ಸಿಗದ ಹಾಗೆ."